ಹಳೇ ಪಿಕಪ್‌ನ 350 ಇಂಜಿನ್: ಕಡಿಮೆ ಖರ್ಚಿನಲ್ಲಿ ಎಳೆತ ಜಾಸ್ತಿ ಮಾಡೋದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಹತ್ತಿರ 1985ರ ಷೆವರ್ಲೆ ಪಿಕಪ್ ಇದೆ. 350 ಕ್ಯೂಬಿಕ್ ಇಂಚಿನ ವಿ8 ಇಂಜಿನ್, ಕಾರ್ಬ್ಯುರೇಟರ್, ಆಟೊಮ್ಯಾಟಿಕ್ ಗೇರ್. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ. ಆಯಿಲ್ ಕುಡಿಯುತ್ತದೆ. ಟ್ರೇಲರ್ ಕಟ್ಟಿಕೊಂಡು ಏರು ಹತ್ತಿದರೆ ಉಸಿರೇ ಇಲ್ಲ. ಹೇಗೂ ಇಂಜಿನ್ ಬಿಚ್ಚಬೇಕು, ಆಗಲೇ ಪವರ್ ಕೂಡ ಹೆಚ್ಚಿಸೋಣ ಅಂತ ಆಸೆ. ಆದರೆ ಕೈಯಲ್ಲಿರುವ ದುಡ್ಡು ಅಷ್ಟಕ್ಕಷ್ಟೇ. ದೊಡ್ಡ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ದಂಡ), 750 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ) ಹೊಸ ಕಾರ್ಬ್ಯುರೇಟರ್ ನೋಡಿಟ್ಟಿದ್ದೇನೆ. ತಗೊಂಡುಬಿಡಲಾ?

ಉತ್ತರ: ನಮಸ್ಕಾರ. ಸದ್ಯಕ್ಕೆ ಎರಡೂ ಬೇಡ. ಒಂದು ನಟ್ಟೂ ಬಿಚ್ಚಬೇಡಿ. ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಹುಟ್ಟುವ ಒತ್ತಡ, ನೋಡಿ.

ಇಂಜಿನ್ ಬಿಸಿ ಮಾಡಿ. ಎಂಟೂ ಸ್ಪಾರ್ಕ್ ಪ್ಲಗ್ ತೆಗೆಯಿರಿ. ಇಗ್ನಿಷನ್ ವೈರ್ ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಒಂದೊಂದು ಸಿಲಿಂಡರಿಗೂ ಗೇಜ್ ಹಾಕಿ ಐದಾರು ಸುತ್ತು ತಿರುಗಿಸಿ. ಬಂದ ಅಂಕಿ ಬರೆದಿಡಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತುಹೋಗುವುದು ಹೆಚ್ಚಾಗಿ ವಾಲ್ವ್ ಸೀಲ್‌ನಿಂದ. ರಾತ್ರಿಯೆಲ್ಲಾ ಆಯಿಲ್ಲು ವಾಲ್ವ್ ಕಡ್ಡಿ ಆಡುವ ಗೈಡ್ ಮೂಲಕ ಇಳಿದು ಕೂತಿರುತ್ತದೆ. ಬರೀ ಸೀಲಿನ ತೊಂದರೆಗೆ ಪೂರ್ತಿ ಇಂಜಿನ್ ಬಿಚ್ಚಿದವರನ್ನು ನಾನು ನೋಡಿದ್ದೇನೆ. ನಿಮಗೆ ಹಾಗಾಗಬಾರದು.

ಪ್ರಶ್ನೆ ಕೇಳಿದವರು: ನೋಡಿದೆ ಸರ್. ಆರು ಸಿಲಿಂಡರಿನಲ್ಲಿ 125ರಿಂದ 135 ಪಿಎಸ್‌ಐ. 5ರಲ್ಲಿ 90, ಆಯಿಲ್ ಬಿಟ್ಟರೆ 130. 7ರಲ್ಲೂ 90, ಆಯಿಲ್ ಬಿಟ್ಟರೂ ಏರಲಿಲ್ಲ.

ಉತ್ತರ: ಹಾಗಾದರೆ ಬಿಚ್ಚಲೇಬೇಕು. 5ರಲ್ಲಿ ರಿಂಗ್, 7ರಲ್ಲಿ ವಾಲ್ವ್. 5 ಮತ್ತು 7 ಅಕ್ಕಪಕ್ಕದವು, ಹಾಗಾಗಿ ಹೆಡ್ ತೆಗೆದ ಕೂಡಲೇ ಅವೆರಡರ ನಡುವೆ ಗ್ಯಾಸ್ಕೆಟ್ ಸುಟ್ಟಿದೆಯಾ ಅಂತಲೂ ನೋಡಿ.

ಈಗ ಪವರ್ ವಿಷಯಕ್ಕೆ ಬರೋಣ. ಈ ಇಂಜಿನ್‌ನಲ್ಲಿ ಪವರ್ ಎಲ್ಲಿ ಸಿಕ್ಕಿಕೊಂಡಿದೆ ಅಂತ ಗೊತ್ತಾದರೆ ದುಡ್ಡು ಎಲ್ಲಿ ಹಾಕಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ. 350 ಇಂಜಿನ್‌ನ ಬೋರ್ (ಸಿಲಿಂಡರಿನ ಅಗಲ) 4 ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 3.48 ಇಂಚು. ಬ್ಲಾಕ್ ಗಟ್ಟಿ, ಕ್ರ್ಯಾಂಕ್ ಗಟ್ಟಿ. 1971ರಿಂದ ಕಂಪನಿಯವರು ಸೀಸ ಕಡಿಮೆ ಇರುವ ಪೆಟ್ರೋಲಿಗೆ ಹೊಂದಲಿ ಅಂತ ಕಂಪ್ರೆಷನ್ ಇಳಿಸಿದರು. ನಿಮ್ಮ ವರ್ಷದ ಪಿಕಪ್‌ಗಳಲ್ಲಿ ಈ ಇಂಜಿನ್ 160–165 ಎಚ್‌ಪಿ ಕೊಡುತ್ತಿತ್ತು, ಅಷ್ಟೇ. ಹೆಡ್ ಸರಿಯಾಗಿ ಉಸಿರಾಡುವುದಿಲ್ಲ, ಕಂಪ್ರೆಷನ್ ಕಡಿಮೆ. ಕೊರತೆ ಇರುವುದು ಈ ಎರಡರಲ್ಲಿ.

ಲೆಕ್ಕ ಮಾಡಿ ತೋರಿಸುತ್ತೇನೆ. ಬೋರ್ 30 ಥೌ ದೊಡ್ಡದು ಮಾಡಿಸಿದಿರಿ ಅಂದುಕೊಳ್ಳಿ. ಥೌ ಅಂದರೆ ಇಂಚಿನ ಸಾವಿರ ಭಾಗದಲ್ಲಿ ಒಂದು, ಹಾಗಾಗಿ 30 ಥೌಗೆ 0.76 ಮಿಲಿಮೀಟರ್ ಆಯಿತು. ಆಗ ಇಂಜಿನ್ 355 ಕ್ಯೂಬಿಕ್ ಇಂಚು ಆಗುತ್ತದೆ. ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಗುಡಿಸಿಕೊಂಡು ಬರುವ ಜಾಗ ಸುಮಾರು 727 ಸಿಸಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಎಷ್ಟು? ಪಿಸ್ಟನ್ ತಲೆಯ ವಾಲ್ವ್ ಗುಂಡಿಗಳು 6, ಹೆಡ್ ಗ್ಯಾಸ್ಕೆಟ್ 9, ಬ್ಲಾಕ್ ಮಟ್ಟಕ್ಕಿಂತ ಪಿಸ್ಟನ್ ಕೆಳಗೆ ನಿಲ್ಲುವ 25 ಥೌಗೆ 5. ಹಳೇ ಹೆಡ್‌ನ ಚೇಂಬರ್ 76. ಒಟ್ಟು 96 ಸಿಸಿ. 727ಕ್ಕೆ 96 ಕೂಡಿಸಿ 96ರಿಂದ ಭಾಗಿಸಿದರೆ 8.6, ಇದೇ ಕಂಪ್ರೆಷನ್ ಅನುಪಾತ. ಅದೇ ಬ್ಲಾಕಿಗೆ, ಅದೇ ಪಿಸ್ಟನ್ನಿಗೆ 64 ಸಿಸಿ ಚೇಂಬರಿನ ಹೆಡ್ ಹಾಕಿದರೆ ಉಳಿಯುವ ಜಾಗ 84. ಕಂಪ್ರೆಷನ್ 9.7ಕ್ಕೆ ಬರುತ್ತದೆ. ಉಬ್ಬು ತಲೆಯ ದುಬಾರಿ ಪಿಸ್ಟನ್ ಬೇಕಾಗಲೇ ಇಲ್ಲ, ನೋಡಿ.

64 ಸಿಸಿಯ ಹೆಡ್ ಅಂದರೆ ನನ್ನ ಸಲಹೆ 1996ರಿಂದ 2000ದವರೆಗಿನ ಟ್ರಕ್‌ಗಳಲ್ಲಿ ಬಂದ ವೋರ್ಟೆಕ್ ಹೆಡ್. ಎರಕದ ನಂಬರಿನ ಕೊನೆಯಲ್ಲಿ 906 ಅಥವಾ 062 ಇರುತ್ತದೆ. ಇನ್‌ಟೇಕ್ ಪೋರ್ಟ್ ಹಳೇ ಹೆಡ್‌ಗಿಂತ ಬಹಳ ಚೆನ್ನಾಗಿದೆ. ಕಬ್ಬಿಣದ್ದು, ಸೆಕೆಂಡ್‌ಹ್ಯಾಂಡ್ ಸಿಗುತ್ತದೆ. ಜೊತೆಗೆ ಬರುವ ಖರ್ಚನ್ನೂ ಈಗಲೇ ಹೇಳಿಬಿಡುತ್ತೇನೆ. ಹಳೇ ಇನ್‌ಟೇಕ್ ಮ್ಯಾನಿಫೋಲ್ಡ್ ಇದಕ್ಕೆ ಕೂರುವುದಿಲ್ಲ. ಅದರಲ್ಲಿ 12 ಬೋಲ್ಟ್, ವೋರ್ಟೆಕ್‌ನಲ್ಲಿ 8. ಹೊಸ ಮ್ಯಾನಿಫೋಲ್ಡ್ ಬೇಕು. ಸೆಲ್ಫ್ ಅಲೈನಿಂಗ್ ರಾಕರ್ (ವಾಲ್ವ್ ಒತ್ತುವ ತೋಳು) ಬೇಕು. ಈ ಹೆಡ್‌ನಲ್ಲಿ ಮ್ಯಾನಿಫೋಲ್ಡ್ ಬಿಸಿ ಮಾಡುವ ಎಕ್ಸಾಸ್ಟ್ ದಾರಿ ಇಲ್ಲ, ಹಾಗಾಗಿ ಚೋಕ್ ಆ ಬಿಸಿಯಿಂದ ನಡೆಯುತ್ತಿದ್ದರೆ ಎಲೆಕ್ಟ್ರಿಕ್ ಚೋಕ್ ಹಾಕಬೇಕು. ಇವನ್ನೆಲ್ಲ ಕೂಡಿಸಿಕೊಂಡೇ ಬಜೆಟ್ ಹಾಕಿ.

ಕ್ಯಾಮ್ ವಿಷಯ. ನೀವು ಏರಿನಲ್ಲಿ ಲೋಡ್ ಎಳೆಯುವವರು. ನಿಮ್ಮ ಇಂಜಿನ್ ದಿನವಿಡೀ 1500ರಿಂದ 3500 ಆರ್‌ಪಿಎಂ ಒಳಗೆ ಓಡುತ್ತದೆ. ದೊಡ್ಡ ಕ್ಯಾಮ್ ಪವರ್ ಕೊಡುವುದು 5000ದ ಮೇಲೆ. ಕೆಳಗೆ ಇರುವ ಎಳೆತವನ್ನೂ ಅದು ಕಿತ್ತುಕೊಳ್ಳುತ್ತದೆ. ಐಡ್ಲಿಂಗ್‌ನಲ್ಲಿ ವ್ಯಾಕ್ಯೂಮ್ ಬಿದ್ದು ಬ್ರೇಕ್ ಬೂಸ್ಟರ್ ಕೂಡ ಸೊರಗುತ್ತದೆ. ಟ್ರೇಲರ್ ಕಟ್ಟಿದ ಗಾಡಿಗೆ ಅದು ಅಪಾಯ. 50 ಥೌ ಲಿಫ್ಟ್‌ನಲ್ಲಿ ಅಳೆದಾಗ ವಾಲ್ವ್ ತೆರೆದಿಡುವ ಅವಧಿ 205ರಿಂದ 215 ಡಿಗ್ರಿ ಇರುವ ಕ್ಯಾಮ್ ಸಾಕು. ವಾಲ್ವ್ ಲಿಫ್ಟ್ 0.460 ಇಂಚಿನ ಒಳಗಿರಲಿ. ಅದಕ್ಕಿಂತ ಜಾಸ್ತಿ ಆದರೆ ವೋರ್ಟೆಕ್‌ನ ಗೈಡ್ ಕತ್ತರಿಸಿ ಸ್ಪ್ರಿಂಗ್ ಬದಲಿಸುವ ಖರ್ಚು ಬರುತ್ತದೆ.

ಕಾರ್ಬ್ಯುರೇಟರಿಗೂ ಲೆಕ್ಕ ಇದೆ. 355 ಗುಣಿಸು 5000 ಆರ್‌ಪಿಎಂ, ಭಾಗಿಸು 3456. ಬರುವುದು 514 ಸಿಎಫ್‌ಎಂ. ಅದೂ ಇಂಜಿನ್ ನೂರಕ್ಕೆ ನೂರು ತುಂಬಿಕೊಂಡರೆ. ನೂರಕ್ಕೆ 85 ತುಂಬಿತು ಅಂದರೆ 437. ಹಾಗಾಗಿ ಹೊಸ 750ಕ್ಕೆ ದುಡ್ಡು ಹಾಕಬೇಕಿಲ್ಲ. ನಿಮ್ಮ ಗಾಡಿಯಲ್ಲಿರುವ ಹಳೇ ಕ್ವಾಡ್ರಾಜೆಟ್ ಕಾರ್ಬ್ಯುರೇಟರ್ ಒಳ್ಳೇ ವಸ್ತು. ಮುಂದಿನ ಎರಡು ತೂತು ಸಣ್ಣವು, ಹಿಂದಿನವು ದೊಡ್ಡವು. ಸುಮ್ನೆ ಓಡಿಸುವಾಗ ಸಣ್ಣವೇ ಕೆಲಸ ಮಾಡುತ್ತವೆ, ಪೆಟ್ರೋಲ್ ಉಳಿಯುತ್ತದೆ. ಒಂದು ಕಿಟ್ ತಂದು ರಿಪೇರಿ ಮಾಡಿಕೊಳ್ಳಿ. ಅದು ಕೂರುವಂಥ ಮ್ಯಾನಿಫೋಲ್ಡನ್ನೇ ಆರಿಸಿ. ಉಳಿದ ದುಡ್ಡಿನಲ್ಲಿ ಎರಡು ಪೈಪಿನ ಎಕ್ಸಾಸ್ಟ್ ಮಾಡಿಸಿ.

ಇಷ್ಟನ್ನು ನೆಟ್ಟಗೆ ಮಾಡಿದರೆ ಫ್ಲೈವೀಲ್ ಹತ್ತಿರ 280ರಿಂದ 300 ಎಚ್‌ಪಿ ನಿರೀಕ್ಷಿಸಬಹುದು. ಕೆಳಗಿನ ಎಳೆತದಲ್ಲಿ ಆಗುವ ವ್ಯತ್ಯಾಸ ಮೊದಲ ಏರಿನಲ್ಲೇ ಗೊತ್ತಾಗುತ್ತದೆ.

ಇನ್ನೊಬ್ಬರು: ವೋರ್ಟೆಕ್ ಹೆಡ್ ಬಿರುಕು ಬಿಡುತ್ತದೆ ಅಂತಾರಲ್ಲಾ ಸರ್?

ಉತ್ತರ: ನಿಜ. ಇಂಜಿನ್ ಬಿಸಿ ಏರಿ ಕಾದರೆ ವಾಲ್ವ್ ಸೀಟ್‌ಗಳ ಹತ್ತಿರ ಬಿರುಕು ಬರುತ್ತದೆ. ಕಣ್ಣಿಗೆ ಕಾಣದೆಯೂ ಇರಬಹುದು. ಮ್ಯಾಗ್ನೆಟಿಕ್ ಟೆಸ್ಟ್, ಪ್ರೆಷರ್ ಟೆಸ್ಟ್ ಎರಡೂ ಮಾಡಿಸಿ. ಬಿರುಕಿದ್ದರೆ ವಾಪಸ್ ತಗೊಳ್ಳುತ್ತೇನೆ ಅಂತ ಮಾತು ಕೊಟ್ಟವರ ಹತ್ತಿರವೇ ಕೊಳ್ಳಿ. ಟೆಸ್ಟ್ ಆಗುವ ಮೊದಲು ವಾಲ್ವ್ ಗ್ರೈಂಡಿಂಗ್‌ಗೆ ಒಂದು ಕಾಸೂ ಹಾಕಬೇಡಿ.

ಪ್ರಶ್ನೆ ಕೇಳಿದವರು: ಬ್ಲಾಕ್ ಬೋರಿಂಗ್‌ಗೆ ಕೊಡುವ ಮೊದಲು ಪಿಸ್ಟನ್ ತಂದಿಟ್ಟುಕೊಳ್ಳಬೇಕಾ? ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು?

ಉತ್ತರ: ಮೊದಲು ಬರೀ ಬ್ಲಾಕ್ ಕೊಟ್ಟು ಅಳತೆ ಮಾಡಿಸಿ. ಬಿರುಕು ಇದೆಯಾ, ಎಷ್ಟು ಸವೆದಿದೆ, ಎಷ್ಟು ಓವರ್‌ಸೈಜ್ ಬೇಕು ಅಂತ ಅವರು ಹೇಳಲಿ. ಆಮೇಲೆ ಆ ಸೈಜಿನ ಪಿಸ್ಟನ್ ತಂದು ಅವರ ಕೈಗೇ ಕೊಡಿ. ಪ್ರತಿ ಪಿಸ್ಟನ್ನಿಗೂ ಅಳೆದು ಅದರ ಬೋರನ್ನು ಹೋನ್ ಮಾಡಬೇಕು, ಅಂದರೆ ಕಲ್ಲಿನಿಂದ ಉಜ್ಜಿ ಅಳತೆಗೆ ತರಬೇಕು. ಪಿಸ್ಟನ್ ನೋಡದೆಯೇ ಬೋರ್ ಮುಗಿಸುತ್ತೇನೆ ಅನ್ನುವವರ ಹತ್ತಿರ ಕೊಡಬೇಡಿ.

ಕ್ರ್ಯಾಂಕ್, ಕನೆಕ್ಟಿಂಗ್ ರಾಡ್ ಹಳೆಯವೇ ಇರಲಿ, ಈ ಪವರ್‌ಗೆ ಸಾಕು. ಜರ್ನಲ್ (ಕ್ರ್ಯಾಂಕ್‌ನಲ್ಲಿ ಬೇರಿಂಗ್ ಕೂರುವ ಜಾಗ) ಅಳತೆಯೊಳಗಿದ್ದರೆ ಪಾಲಿಶ್ ಮಾತ್ರ ಮಾಡಿಸಿ, ಸುಮ್ನೆ ಗ್ರೈಂಡ್ ಮಾಡಿಸಬೇಡಿ. ರಾಡ್ ಬೋಲ್ಟ್ ಮಾತ್ರ ಹೊಸದು, ಅದಕ್ಕೆ ತಕ್ಕಂತೆ ರಾಡ್‌ನ ದೊಡ್ಡ ತೂತು ಮತ್ತೆ ಸೈಜ್ ಮಾಡಿಸಬೇಕು. ಬೇರಿಂಗ್, ರಿಂಗ್, ಗ್ಯಾಸ್ಕೆಟ್, ಟೈಮಿಂಗ್ ಚೈನ್, ಆಯಿಲ್ ಪಂಪ್ ಇವೆಲ್ಲಾ ಹೊಸದೇ ಆಗಬೇಕು. ಕ್ಯಾಮ್ ಹೊಸದಾದರೆ ಅದರ ಮೇಲೆ ಕೂತು ಮೇಲೇರುವ ಟ್ಯಾಪೆಟ್ಟೂ ಹೊಸದು. ಹಳೇ ಟ್ಯಾಪೆಟ್ ಹೊಸ ಕ್ಯಾಮನ್ನು ತಿಂದುಹಾಕುತ್ತದೆ.

ಮನೆಯಲ್ಲೇ ಜೋಡಿಸಿದರೆ ಮಜೂರಿ ಉಳಿಯುತ್ತದೆ. ಆದರೆ ಅವಸರ ಬೇಡ. ರಿಂಗನ್ನು ಬೋರ್ ಒಳಗೆ ಬಿಟ್ಟು, ಪಿಸ್ಟನ್ನಿನ ತಲೆಯಿಂದಲೇ ಒತ್ತಿ ಬೋರ್ ಬಾಯಿಗಿಂತ ಒಂದಿಂಚು ಕೆಳಗೆ ನೆಟ್ಟಗೆ ತಳ್ಳಿ, ರಿಂಗಿನ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಲ್ಲಿ ನೋಡಿ. ಬೋರಿನ ಒಂದೊಂದು ಇಂಚಿಗೂ 4 ಥೌ, ಅಂದರೆ ಮೇಲಿನ ರಿಂಗಿಗೆ 16 ಥೌ. ಬೇರಿಂಗ್ ಸಂದಿಗೆ ಪ್ಲಾಸ್ಟಿಗೇಜ್ ಅನ್ನುವ ಮೇಣದಂಥ ಎಳೆ ಸಿಗುತ್ತದೆ. ಜರ್ನಲ್ ಮೇಲಿಟ್ಟು ಕ್ಯಾಪ್ ಟಾರ್ಕ್ ಮಾಡಿ ಬಿಚ್ಚಿ, ಎಳೆ ಎಷ್ಟು ಚಪ್ಪಟೆಯಾಗಿದೆ ನೋಡಿ. 2ರಿಂದ 2.5 ಥೌ ಬಂದರೆ ಸರಿ. ಎಳೆ ಇರುವಾಗ ಕ್ರ್ಯಾಂಕ್ ತಿರುಗಿಸಬೇಡಿ, ಅಳತೆ ಕೆಡುತ್ತದೆ.

ಇನ್ನು ತೊಳೆಯುವ ಕೆಲಸ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಇಂಜಿನನ್ನು ಇದರಿಂದಲೇ ಹಾಳು ಮಾಡಿದ್ದೇನೆ. ಬೋರಿಂಗ್‌ನಿಂದ ಬಂದ ಬ್ಲಾಕನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ಕಣ್ಣಿಗೆ ಫಳಫಳ ಅನ್ನುತ್ತಿತ್ತು. ಜೋಡಿಸಿದೆ, ಚೆನ್ನಾಗಿಯೇ ಸ್ಟಾರ್ಟ್ ಆಯಿತು. ಕೆಲವೇ ದಿನಕ್ಕೆ ಆಯಿಲ್ ಪ್ರೆಷರ್ ಬಿದ್ದಿತು. ಬಿಚ್ಚಿ ನೋಡಿದರೆ ಹೊಸ ಬೇರಿಂಗ್ ಮೈತುಂಬಾ ಸಣ್ಣ ಸಣ್ಣ ಗೀರು, ಬೂದು ಬಣ್ಣದ ಪುಡಿ ಕಚ್ಚಿಕೊಂಡಿತ್ತು. ಹೋನಿಂಗ್ ಕಲ್ಲಿನ ಪುಡಿ ಅದು. ಗಾಡಿಯವರ ಮುಖ ನೋಡಲು ಆಗಲಿಲ್ಲ. ನನ್ನ ಖರ್ಚಿನಲ್ಲೇ ಮತ್ತೆ ಮಾಡಿಕೊಟ್ಟೆ.

ಸೀಮೆಎಣ್ಣೆ, ಪೆಟ್ರೋಲ್ ಜಿಡ್ಡು ತೆಗೆಯುತ್ತವೆ, ಪುಡಿ ಅಲ್ಲೇ ಉಳಿಯುತ್ತದೆ. ಬಿಸಿನೀರು, ಸೋಪು, ಬ್ರಷ್ಷೇ ಆಗಬೇಕು. ಆಯಿಲ್ ದಾರಿಯ ಪ್ಲಗ್‌ಗಳನ್ನೆಲ್ಲ ಬಿಚ್ಚಿ ಉದ್ದನೆಯ ಬ್ರಷ್ ಒಳಗೆ ಆಡಿಸಿ. ಬೋರನ್ನು ತಿಕ್ಕಿ, ತೊಳೆದು, ಒರೆಸಿ. ಆಮೇಲೆ ಬಿಳಿ ಬಟ್ಟೆಗೆ ಸ್ವಲ್ಪ ಆಯಿಲ್ ಹಾಕಿ ಬೋರ್ ಒಳಗೆ ಉಜ್ಜಿ. ಬಟ್ಟೆ ಬೂದು ಆದರೆ ಇನ್ನೂ ಪುಡಿ ಇದೆ, ಮತ್ತೆ ತೊಳೆಯಿರಿ. ಬಟ್ಟೆ ಬೆಳ್ಳಗೆ ಹೊರಬರುವ ತನಕ ಬಿಡಬೇಡಿ. ತೊಳೆದ ಕೂಡಲೇ ಗಾಳಿ ಹೊಡೆದು ಆಯಿಲ್ ಸವರಿ. ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ.

ಮತ್ತೊಬ್ಬರು: ನನ್ನದು ಟರ್ಬೊ ಡೀಸೆಲ್ ಪಿಕಪ್. ನನಗೂ ಇದೇ ದಾರಿನಾ?

ಉತ್ತರ: ಅಳತೆ, ತೊಳೆಯುವುದು ಎಲ್ಲಾ ಅದೇ. ಪವರ್ ದಾರಿ ಬೇರೆ. ಡೀಸೆಲ್‌ನಲ್ಲಿ ಗಾಳಿ ಮತ್ತು ಇಂಧನ ಎರಡನ್ನೂ ಒಟ್ಟಿಗೆ ಹೆಚ್ಚಿಸಬೇಕು. ಬರೀ ಪಂಪ್ ತಿರುಗಿಸಿ ಡೀಸೆಲ್ ಜಾಸ್ತಿ ಮಾಡಿದರೆ ಕಪ್ಪು ಹೊಗೆ ಬರುತ್ತದೆ, ಪಿಸ್ಟನ್ ಕರಗುತ್ತದೆ. ಮೊದಲು ಟರ್ಬೊ ಮುಂದೆ ಎಕ್ಸಾಸ್ಟ್ ಬಿಸಿ ತೋರಿಸುವ ಮೀಟರ್ ಹಾಕಿಸಿ. ಲೋಡ್‌ನಲ್ಲಿ ಏರು ಹತ್ತುವಾಗ ಅದು 700 ಡಿಗ್ರಿ ಸೆಲ್ಸಿಯಸ್ ದಾಟಿ ನಿಲ್ಲಬಾರದು. ಅಂಕಿ ತಂದು ಇಲ್ಲಿ ಬೇರೆ ಪ್ರಶ್ನೆ ಹಾಕಿ, ವಿವರವಾಗಿ ಮಾತಾಡೋಣ.

ಪ್ರಶ್ನೆ ಕೇಳಿದವರು: ಜೋಡಿಸಿದ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡಲು ನನಗೆ ಭಯ ಸರ್.

ಉತ್ತರ: ಭಯ ಇರುವುದು ಒಳ್ಳೆಯದೇ. ನಿಮ್ಮದು ಫ್ಲಾಟ್ ಟ್ಯಾಪೆಟ್ ಕ್ಯಾಮ್, ಅಂದರೆ ಟ್ಯಾಪೆಟ್ ತಳ ಕ್ಯಾಮ್ ಮೈಗೆ ಉಜ್ಜಿಕೊಂಡೇ ಓಡುತ್ತದೆ. ಮೊದಲ ಅರ್ಧ ಗಂಟೆಯಲ್ಲೇ ಅದು ಬಾಳುತ್ತದೋ ಸಾಯುತ್ತದೋ ತೀರ್ಮಾನ ಆಗುತ್ತದೆ.

ಜೋಡಿಸುವಾಗ ಕ್ಯಾಮ್ ಮೈಗೂ ಟ್ಯಾಪೆಟ್ ತಳಕ್ಕೂ ಕ್ಯಾಮ್ ಜೊತೆ ಬರುವ ಗ್ರೀಸ್ ಧಾರಾಳವಾಗಿ ಹಚ್ಚಿ. ಜಿಂಕ್ ಜಾಸ್ತಿ ಇರುವ ಬ್ರೇಕ್‌ಇನ್ ಆಯಿಲ್ ತುಂಬಿ. ಡಿಸ್ಟ್ರಿಬ್ಯೂಟರ್ ಹೊರಗೆ ತೆಗೆದು, ಡ್ರಿಲ್ ಮೆಷಿನ್‌ಗೆ ಪ್ರೈಮಿಂಗ್ ರಾಡ್ ಹಾಕಿ ಆಯಿಲ್ ಪಂಪ್ ತಿರುಗಿಸಿ. ಕ್ರ್ಯಾಂಕನ್ನು ಕೈಯಿಂದ ಸ್ವಲ್ಪ ಸ್ವಲ್ಪ ಸುತ್ತುತ್ತಾ, 16 ರಾಕರ್‌ಗಳಿಂದಲೂ ಆಯಿಲ್ ಸುರಿಯುವ ತನಕ ತಿರುಗಿಸಿ. ಕಾರ್ಬ್ಯುರೇಟರ್ ಬಟ್ಟಲಲ್ಲಿ ಪೆಟ್ರೋಲ್ ತುಂಬಿರಲಿ, ಟೈಮಿಂಗ್ ಸರಿಯಾಗಿ ಇಟ್ಟಿರಿ. ಫೈರಿಂಗ್ ಆರ್ಡರ್ 1-8-4-3-6-5-7-2, ವೈರ್‌ಗಳನ್ನು ಎರಡು ಸಲ ನೋಡಿ. ಒಂದೇ ಏಟಿಗೆ ಹತ್ತಿಕೊಳ್ಳಬೇಕು. ಸೆಲ್ಫ್ ಹೊಡೆಯುತ್ತಾ ಕೂತರೆ ಕ್ಯಾಮ್ ಗ್ರೀಸ್ ಒರೆಸಿಹೋಗುತ್ತದೆ.

ಹತ್ತಿಕೊಂಡ ಕೂಡಲೇ 2000ಕ್ಕೆ ಏರಿಸಿ. 2000ದಿಂದ 2500ರ ನಡುವೆ ಏರಿಳಿಸುತ್ತಾ 20ರಿಂದ 30 ನಿಮಿಷ ಓಡಿಸಿ. ಐಡ್ಲಿಂಗ್‌ಗೆ ಬಿಡಬೇಡಿ. ಕ್ಯಾಮ್‌ಗೆ ಆಯಿಲ್ ಸಿಗುವುದು ಕ್ರ್ಯಾಂಕ್ ಎರಚುವುದರಿಂದ, ನಿಧಾನಕ್ಕೆ ತಿರುಗಿದರೆ ಅದು ತಲುಪುವುದಿಲ್ಲ. ಒಬ್ಬರು ಆಯಿಲ್ ಪ್ರೆಷರ್ ಮತ್ತು ಟೆಂಪರೇಚರ್ ಮೀಟರ್ ನೋಡುತ್ತಿರಲಿ, ಇನ್ನೊಬ್ಬರು ಕೂಲೆಂಟ್, ಪೆಟ್ರೋಲ್ ಸೋರುತ್ತಿದೆಯಾ ಅಂತ ಕೆಳಗೆ ಬಗ್ಗಿ ನೋಡಲಿ. ಮುಗಿದ ಮೇಲೆ ಟೈಮಿಂಗ್ ಲೈಟ್ ಹಾಕಿ. ವ್ಯಾಕ್ಯೂಮ್ ಪೈಪ್ ಕಳಚಿ 3000 ಆರ್‌ಪಿಎಂನಲ್ಲಿ ಒಟ್ಟು 32 ಡಿಗ್ರಿ ಅಡ್ವಾನ್ಸ್ (ಪಿಸ್ಟನ್ ಮೇಲೆ ತಲುಪುವ ಮೊದಲೇ ಕಿಡಿ ಹಾರುವ ಅಂತರ) ಇಡಿ. ಹಳೇ ಹೆಡ್‌ಗೆ 36 ಬೇಕಿತ್ತು, ಇದಕ್ಕೆ ಅಷ್ಟು ಬೇಡ.

ಆ ಆಯಿಲ್ ಬಿಸಿ ಇರುವಾಗಲೇ ಇಳಿಸಿಬಿಡಿ. ಫಿಲ್ಟರ್ ಕತ್ತರಿಸಿ, ಒಳಗಿನ ಕಾಗದ ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ಅಲ್ಲೊಂದು ಇಲ್ಲೊಂದು ಮಿನುಗಿದರೆ ಚಿಂತೆ ಬೇಡ. ಕಾಗದದ ತುಂಬಾ ಬೆಳ್ಳಿ ಹುಡಿಯಂತೆ ಕಂಡರೆ ಗಾಡಿ ಓಡಿಸಬೇಡಿ. ಫೋಟೋ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.