ಫೋಟೋದಲ್ಲಿರೋದು ಒಂದೆಲಗ, ಹೆಸರು ಬ್ರಾಹ್ಮಿ

ಗುಂಪು: ಬಾಟನಿ ಹಳೇ ಬ್ಯಾಚ್

ಗಿರೀಶ (ಹಲವು ಬಾರಿ ಫಾರ್ವರ್ಡ್ ಆದ ಸಂದೇಶ):
🌿 ಬ್ರಾಹ್ಮಿ – ಮೆದುಳಿಗೆ ಅಮೃತ 🌿 ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಹಸಿ ರಸ ಕುಡಿಯಿರಿ. 40 ದಿನದಲ್ಲಿ ನೆನಪಿನ ಶಕ್ತಿ ದುಪ್ಪಟ್ಟು. ಫಿಟ್ಸ್ ಮಾತ್ರೆ ಬಿಡಬಹುದು. ಗರ್ಭಿಣಿಯರು ಕುಡಿದರೆ ಮಗು ಜಾಣ. ಗಿಡಮೂಲಿಕೆ ಆದ್ದರಿಂದ ಅಡ್ಡಪರಿಣಾಮ ಇಲ್ಲವೇ ಇಲ್ಲ. ಕಾಲುವೆ, ಚರಂಡಿ ಪಕ್ಕ ಉಚಿತವಾಗಿ ಸಿಗುತ್ತದೆ. ಹತ್ತು ಜನಕ್ಕೆ ಕಳಿಸಿ 🙏
[ಫೋಟೋ]

ಶೈಲಜಾ: ಗಿರೀಶ, ಫೋಟೋದಲ್ಲಿರೋದು ಒಂದೆಲಗ. ನೆನಪಿನ ಶಕ್ತಿ ಅಂತ ಬರೆದಿರೋದು ಬಹುಪಾಲು ನೀರುಬ್ರಾಹ್ಮಿ ಮೇಲೆ ನಡೆದ ಪ್ರಯೋಗದ ಮಾತು. ಓದಿದವರು ಯಾವ ಗಿಡ ಕಿತ್ತು ಅರೀಬೇಕು?

ಗಿರೀಶ: ಎರಡೂ ಬ್ರಾಹ್ಮಿನೇ ಅಲ್ವೇನೇ? ಎಷ್ಟೋ ಕಡೆ ಒಂದೆಲಗಕ್ಕೇ ಬ್ರಾಹ್ಮಿ ಅಂತಾರೆ.

ಶೈಲಜಾ: ಅಂತಾರೆ, ಗೊಂದಲ ಶುರುವಾಗೋದೇ ಅಲ್ಲಿ. ಒಂದೆಲಗ ಅಂದ್ರೆ ಸೆಂಟೆಲ್ಲಾ ಏಷಿಯಾಟಿಕಾ, ಕೊತ್ತಂಬರಿ ಕುಟುಂಬದ್ದು. ನೆಲದ ಮೇಲೆ ಹಬ್ಬುತ್ತೆ, ಗಿಣ್ಣುಗಿಣ್ಣಿಗೂ ಬೇರು ಬಿಡುತ್ತೆ, ಉದ್ದ ತೊಟ್ಟಿನ ತುದೀಲಿ ಮೂತ್ರಪಿಂಡದ ಆಕಾರದ ಎಲೆ. ನೀರುಬ್ರಾಹ್ಮಿ ಅಂದ್ರೆ ಬಕೋಪಾ ಮೊನ್ನಿಯೇರಿ. ಜವುಗಲ್ಲಿ ಬೆಳೆಯುತ್ತೆ, ಎಲೆ ಸಣ್ಣದು, ದಪ್ಪ, ತೊಟ್ಟೇ ಇಲ್ಲ ಅನ್ನಬಹುದು, ಎದುರುಬದುರು ಜೋಡಿ. ಹೂವು ಬಿಳಿ ಇಲ್ಲಾ ತಿಳಿ ನೇರಳೆ, ಐದು ಎಸಳು. ಬಾಯಿಗೆ ಹಾಕ್ಕೊಂಡ್ರೆ ಕಹಿ. ಒಂದರಲ್ಲಿ ಏಷಿಯಾಟಿಕೋಸೈಡ್, ಇನ್ನೊಂದರಲ್ಲಿ ಬಕೋಸೈಡ್. ಹೆಸರು ಬಿಟ್ರೆ ನೆಂಟಸ್ತನ ಇಲ್ಲ.

ವಿನಯ: ಆಯುರ್ವೇದ ಫಾರ್ಮಕೋಪಿಯಾದಲ್ಲೂ (ಔಷಧಿಗಳ ಅಧಿಕೃತ ಗ್ರಂಥ) ಬೇರೆ ಬೇರೇನೇ ಇದೆ. ಬ್ರಾಹ್ಮಿ ಅಂದ್ರೆ ಬಕೋಪಾ, ಮಂಡೂಕಪರ್ಣಿ ಅಂದ್ರೆ ಸೆಂಟೆಲ್ಲಾ. ಆದ್ರೆ ಶೈಲಜಾ, ಒಂದೆಲಗಕ್ಕೆ ಮೇಧ್ಯ ಗುಣಾನೇ, ಅಂದ್ರೆ ಬುದ್ಧಿ ಚುರುಕು ಮಾಡೋ ಗುಣಾನೇ ಇಲ್ಲ ಅನ್ನೋ ಹಾಗೆ ಮಾತಾಡ್ಬೇಡ. ಚರಕ ಹೇಳೋ ನಾಲ್ಕು ಮೇಧ್ಯ ರಸಾಯನದಲ್ಲಿ ಮೊದಲನೇದೇ ಮಂಡೂಕಪರ್ಣಿ ಸ್ವರಸ, ಅಂದ್ರೆ ಹಿಂಡಿದ ಹಸಿ ರಸ. ಆಮೇಲೆ ಜೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ.

ಗಿರೀಶ: ನೋಡಿ! ಚರಕನೇ ಹೇಳಿದ ಮೇಲೆ ಇನ್ನೇನು ಚರ್ಚೆ.

ವಿನಯ: ನನ್ನ ಹೆಗಲ ಮೇಲೆ ಬಂದೂಕು ಇಡ್ಬೇಡ ಮಾರಾಯ. ಸ್ವರಸಕ್ಕೆ ಹಳೇ ಆಯುರ್ವೇದ ಗ್ರಂಥಕಾರ ಶಾರ್ಙ್ಗಧರ ಹೇಳೋ ಪ್ರಮಾಣ ಅರ್ಧ ಪಲ, ಹತ್ತಿರಹತ್ತಿರ 24 ಮಿಲಿ. ಈಗ ವೈದ್ಯರು ಕೊಡೋದು 10ರಿಂದ 20 ಮಿಲಿ. ಲೋಟ ಯಾವ ಗ್ರಂಥದಲ್ಲೂ ಇಲ್ಲ.

ರಘು: ನಾನು ಕೇಳಬೇಕಂತಿದ್ದಿದ್ದೂ ಲೋಟದ ಬಗ್ಗೇನೇ. ಲೆಕ್ಕ ಹಾಕೋಣ. ಈ ಗಿಡದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಬರೆದ ಮೊನೋಗ್ರಾಫಲ್ಲಿ (ಒಂದೇ ವಿಷಯದ ವಿವರ ಪ್ರಬಂಧ) ಒಣ ಎಲೆ 0.33ರಿಂದ 0.68 ಗ್ರಾಂ, ದಿನಕ್ಕೆ ಮೂರು ಸಲ. ಅಂದ್ರೆ ದಿನಕ್ಕೆ 1ರಿಂದ 2 ಗ್ರಾಂ. ಹಸಿ ಎಲೇಲಿ 100ಕ್ಕೆ 85 ಪಾಲಿಗೂ ಹೆಚ್ಚು ನೀರು, ಹಾಗಾಗಿ ಹಸಿದು ಹಿಡಿದ್ರೆ 7ರಿಂದ 14 ಗ್ರಾಂ. ನೀರು ಬೆರೆಸದೆ 200 ಮಿಲಿ ಲೋಟ ತುಂಬಬೇಕು ಅಂದ್ರೆ, ಚರಟ ಕಳೆದು, 250 ಗ್ರಾಂ ಎಲೆಯಾದ್ರೂ ಬೇಕು. ಒಣ ಲೆಕ್ಕದಲ್ಲಿ ಅದು 35 ಗ್ರಾಂ ಆಸುಪಾಸು. 15 ಪಟ್ಟಿಗೂ ಜಾಸ್ತಿ ಆಯ್ತು. ಅದೂ ದಿನಾ!

ವಿನಯ: ನಿನ್ನ ಅಳತೆ ತೀರಾ ಕಮ್ಮಿ ರಘು. ನಮ್ಮ ಫಾರ್ಮಕೋಪಿಯಾದಲ್ಲಿ ಮಂಡೂಕಪರ್ಣಿ ಚೂರ್ಣ 3ರಿಂದ 6 ಗ್ರಾಂ.

ರಘು: ಸರಿ, ನಿನ್ನ 6 ಗ್ರಾಂ ಹಿಡ್ಕೊಂಡ್ರೂ ಲೋಟ ಐದಾರು ಪಟ್ಟು. ಜಗಳ ನಮ್ಮಿಬ್ಬರ ನಡುವೆ ಅಲ್ಲ, ಲೋಟದ ಜೊತೆ.

ಗಿರೀಶ: ಅಷ್ಟು ಗಟ್ಟಿ ರಸ ಯಾರು ಕುಡೀತಾರೋ? ಒಂದು ಹಿಡಿ ಸೊಪ್ಪು, ಮಿಕ್ಸಿ, ನೀರು. ಅದನ್ನೇ ಲೋಟ ಅಂದಿದ್ದು.

ರಘು: ಅದು ನಿನ್ನ ತಲೇಲಿದೆ, ಸಂದೇಶದಲ್ಲಿಲ್ಲ. ಒಬ್ಬರು ಹತ್ತು ಎಲೆ ಹಾಕ್ತಾರೆ, ಇನ್ನೊಬ್ಬರು ಜ್ಯೂಸರಲ್ಲಿ ಕಾಲು ಕಿಲೋ ಹಿಂಡ್ತಾರೆ. ಇಬ್ಬರೂ ಒಂದು ಲೋಟ ಕುಡಿದೆ ಅಂತಾರೆ.

ಶೈಲಜಾ: ನೆನಪಿನ ಮಾತಿಗೆ ಬಾ. ಬಕೋಪಾದಲ್ಲಿ ಸ್ವಲ್ಪ ಆಧಾರ ಇದೆ: ದಿನಕ್ಕೆ 300 ಮಿಗ್ರಾಂ ಪ್ರಮಾಣೀಕರಿಸಿದ ಸಾರ, 12 ವಾರ ಬಿಡದೆ. ಪರೀಕ್ಷೆಗಳಲ್ಲಿ ಒಂದಿಷ್ಟು ಸುಧಾರಣೆ ಕಂಡಿದೆ. ಜೊತೆಗೆ ಹೊಟ್ಟೆ ನುಲಿತ, ವಾಕರಿಕೆ, ಭೇದಿಯ ದೂರೂ ಇದೆ. ಒಂದೆಲಗದ್ದು ಬೇರೆ ಕಥೆ. 2017ರ ಒಂದು ಮೆಟಾ-ಅನಾಲಿಸಿಸ್ (ಹಲವು ಪ್ರಯೋಗಗಳ ಫಲಿತಾಂಶ ಒಟ್ಟಿಗೆ ಸೇರಿಸಿ ನೋಡೋ ಅಧ್ಯಯನ) ಪ್ರಕಾರ ಅರಿವಿನ ಯಾವ ವಿಭಾಗದಲ್ಲೂ ಗಣನೀಯ ಲಾಭ ಇಲ್ಲ, ಚುರುಕುತನದಂಥ ಮನಸ್ಥಿತಿಯ ಅಳತೇಲಿ ಮಾತ್ರ ಒಂದಿಷ್ಟು ವ್ಯತ್ಯಾಸ. ದುಪ್ಪಟ್ಟು ಎಲ್ಲಿಂದ ಬಂತೋ ಗೊತ್ತಿಲ್ಲ. 40 ದಿನ ಅಂತೂ ಸಂದೇಶ ಬರೆದವನ ಸ್ವಂತದ್ದು.

ಗಿರೀಶ: ಆಯ್ತಪ್ಪ, ಲಾಭ ಇಲ್ಲ ಅಂತಾನೇ ಇಟ್ಕೊ. ಅಪಾಯ ಏನು? ಸೊಪ್ಪು ತಾನೇ. ಜನ ತಲೆತಲಾಂತರದಿಂದ ತಿಂತಿದ್ದಾರೆ.

ರಘು: ಅಡುಗೇಲಿ ನಾಲ್ಕು ಎಲೆ ತಿನ್ನೋರಿಗೆ ಯಾರೂ ಬೇಡ ಅಂದಿಲ್ಲ. ಔಷಧಿ ಪ್ರಮಾಣದಲ್ಲಿ ವಾರಗಟ್ಟಲೆ ತಗೊಳ್ಳೋದು ಬೇರೆ. 2005ರಲ್ಲಿ ಅರ್ಜೆಂಟೀನಾದಿಂದ ಮೂರು ಪ್ರಕರಣ ವರದಿಯಾಗಿವೆ. 20ರಿಂದ 60 ದಿನ ಸೆಂಟೆಲ್ಲಾ ತಗೊಂಡ ಮೂವರು ಮಹಿಳೆಯರಿಗೆ ಕಾಮಾಲೆ, ಲಿವರ್ ಉರಿಯೂತ. ನಿಲ್ಲಿಸಿದ ಮೇಲೆ ಸುಧಾರಿಸಿತು. ಅವರಲ್ಲಿ ಒಬ್ಬರು ಮತ್ತೆ ಶುರು ಮಾಡಿದಾಗ ಮತ್ತೆ ಬಂತು.

ಗಿರೀಶ: ಇಡೀ ಪ್ರಪಂಚಕ್ಕೆ ಮೂರು!! ಪ್ಯಾರಸಿಟಮಾಲ್‌ನಿಂದ ಅದಕ್ಕಿಂತ ಎಷ್ಟು ಪಟ್ಟು ಲಿವರ್ ಹೋಗಿದೆ ಹೇಳು.

ರಘು: ವಿರಳ, ಒಪ್ತೀನಿ. ಪ್ಯಾರಸಿಟಮಾಲ್ ಮಾತು ತೆಗೆದಿದ್ದು ಒಳ್ಳೇದೇ ಆಯ್ತು. ಅದರ ಪಟ್ಟಿ ಮೇಲೆ ಎಷ್ಟು ಮಿಗ್ರಾಂ ಅಂತ ಬರೆದಿರುತ್ತೆ, ದಿನಕ್ಕೆ ಎಷ್ಟು ದಾಟಬಾರದು ಅಂತಾನೂ ಇರುತ್ತೆ. ಒಂದೆಲಗದ ವಿಷಯದಲ್ಲಿ ಯಾರ ಲಿವರ್ ಯಾವಾಗ ಮುನಿಸಿಕೊಳ್ಳುತ್ತೆ ಅಂತ ಮೊದಲೇ ಹೇಳೋಕಾಗಲ್ಲ. ಅದಕ್ಕೇ ಸಾಮಾನ್ಯವಾಗಿ ಆರು ವಾರಕ್ಕಿಂತ ಹೆಚ್ಚು ಒಂದೇ ಸಮನೆ ಬೇಡ, ಆಮೇಲೆ ಎರಡು ವಾರ ಬಿಡುವು ಅಂತ ಹೇಳೋದು. ಊಟ ಸೇರ್ತಿಲ್ಲ, ಮೈ ತುರಿಕೆ, ಮೂತ್ರ ಕಡುಬಣ್ಣ, ಕಣ್ಣು ಹಳದಿ, ಇವುಗಳಲ್ಲಿ ಯಾವುದು ಕಂಡ್ರೂ ಅವತ್ತೇ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸ್ಬೇಕು. ಡಾಕ್ಟರಿಗೆ ಏನೇನು ಕುಡೀತಿದ್ದೆ ಅಂತ ಬಾಯ್ಬಿಟ್ಟು ಹೇಳ್ಬೇಕು. ಸೊಪ್ಪಿನ ರಸ ಔಷಧಿ ಅಲ್ಲ ಅಂತ ಜನ ಮುಚ್ಚಿಡೋದು ಇಲ್ಲೇ. ಕ್ಷಯದ ಮಾತ್ರೆ, ಮೆಥೋಟ್ರೆಕ್ಸೇಟ್ ಥರ ಲಿವರಿಗೆ ಮೊದಲೇ ಭಾರ ಹಾಕೋ ಔಷಧಿ ತಗೊಳ್ತಿರೋರಿಗೆ ಈ ರಸ ಬೇಡವೇ ಬೇಡ.

ವಿನಯ: ನಿದ್ದೆ ಮಾತ್ರೇನೂ ಸೇರಿಸು.

ರಘು: ಹೌದು. ಒಂದೇ ಸಲಕ್ಕೆ 12 ಗ್ರಾಂ ಒಂದೆಲಗ ಕೊಟ್ಟು ನೋಡಿದ ಪ್ರಯೋಗದಲ್ಲಿ ದಿಢೀರ್ ಶಬ್ದಕ್ಕೆ ಬೆಚ್ಚಿಬೀಳೋದು ಕಡಿಮೆಯಾಗಿತ್ತು. ನರವನ್ನ ತಣ್ಣಗೆ ಮಾಡೋ ಗುಣ ಇದ್ದೇ ಇದೆ. ಅದರ ಮೇಲೆ ನಿದ್ದೆ ಮಾತ್ರೆ, ಆತಂಕದ ಮಾತ್ರೆ ಬಿದ್ರೆ ಮಂಪರು ಹೆಚ್ಚಾಗಬಹುದು. ಆಪರೇಷನ್ ಗೊತ್ತಾಗಿದ್ರೆ ಎರಡು ವಾರ ಮುಂಚೆ ನಿಲ್ಲಿಸೋದು.

ಸುಮಾ: ಎಲ್ಲರೂ ಲಿವರ್ ಹಿಡ್ಕೊಂಡು ಕೂತಿದ್ದೀರಿ. ನನಗೆ ಭಯ ಹುಟ್ಟಿಸಿದ್ದು "ಕಾಲುವೆ, ಚರಂಡಿ ಪಕ್ಕ" ಅನ್ನೋ ಸಾಲು. ಅದು ಒದ್ದೆ ನೆಲದ ಗಿಡ. ದನ ಕುರಿ ಓಡಾಡೋ ಜವುಗಿನ ಸೊಪ್ಪಲ್ಲಿ ಲಿವರ್ ಫ್ಲೂಕ್ ಅನ್ನೋ ಚಪ್ಪಟೆ ಹುಳುವಿನ ಮರಿ ಕೋಶ ಕಟ್ಕೊಂಡು ಎಲೆಗೆ ಅಂಟಿರಬಹುದು. ಹಸಿಯಾಗಿ ಹೋದ್ರೆ ಕರುಳಿಂದ ಲಿವರಿಗೆ, ಅಲ್ಲಿಂದ ಪಿತ್ತನಾಳಕ್ಕೆ. ಇನ್ನೊಂದು, ಈ ಗಿಡ ಮಣ್ಣಲ್ಲಿರೋ ಸೀಸ, ಕ್ಯಾಡ್ಮಿಯಂ ಹೀರುತ್ತೆ. ಬೇರಲ್ಲಿ ಜಾಸ್ತಿ, ಎಲೇಲೂ ಇರುತ್ತೆ.

ಗಿರೀಶ: ಉಪ್ಪುನೀರಲ್ಲಿ ತೊಳೆದ್ರೆ ಹೋಗಲ್ವಾ?

ಸುಮಾ: ಮಣ್ಣು ಹೋಗುತ್ತೆ, ಒಂದಿಷ್ಟು ಕ್ರಿಮಿ ಹೋಗುತ್ತೆ. ಹುಳುವಿನ ಕೋಶ ಉಪ್ಪಿಗೆ, ವಿನಿಗರಿಗೆ ಖಂಡಿತ ಬಿಡುತ್ತೆ ಅನ್ನೋ ಹಾಗಿಲ್ಲ, ಕುದಿಸಿದ್ರೆ ಮಾತ್ರ ಸಾಯುತ್ತೆ. ಲೋಹ ಎಲೆಯ ಒಳಗಿದೆ, ತೊಳೆದ್ರೂ ಕುದಿಸಿದ್ರೂ ನಿನ್ನ ಹೊಟ್ಟೆಗೇ.

ಶೈಲಜಾ: ಕುದಿಸಿದ್ರೆ ಸತ್ವ ಹೋಗುತ್ತೆ ಅಂತ ಮುಂದಿನ ಫಾರ್ವರ್ಡ್ ಬರುತ್ತೆ ನೋಡು 😄

ರಘು: ಆ ಮೊನೋಗ್ರಾಫಲ್ಲೇ ಅಷ್ಟೇ ತೂಕದ ಎಲೆಯನ್ನ ಬಿಸಿನೀರಲ್ಲಿ ನೆನೆಸಿ ಕುಡಿಯೋ ಕ್ರಮಾನೂ ಇದೆ. ಆದ್ರೆ ಸುಮಾ ಹೇಳಿದ ಹುಳುವಿಗೆ ಬರೀ ಬಿಸಿನೀರು ಸುರಿದ್ರೆ ಸಾಲದು. ಎಲೆ ಹಾಕಿ ಚೆನ್ನಾಗಿ ಕುದಿಸಬೇಕು.

ಸುಮಾ: ಅದಕ್ಕಿಂತ ಸುಲಭ, ಕುಂಡದಲ್ಲಿ ಬೆಳೆಸೋದು. ಬೇರು ಬಿಟ್ಟ ಒಂದು ಗಿಣ್ಣು ಸಾಕು. ಅಗಲ ಬಾಯಿಯ ಕುಂಡ, ಅರೆ ನೆರಳು, ಒದ್ದೆ ಆರದ ಹಾಗೆ ಶುದ್ಧ ನೀರು. 10–15 ಸೆಂಮೀ ಅಂತರದಲ್ಲಿ ಊರಿದ್ರೆ ಎರಡು ಮೂರು ತಿಂಗಳಲ್ಲಿ ಕೊಯ್ಯಬಹುದು. ಎಲೆ ಮಾತ್ರ ಚಿವುಟು, ಬಳ್ಳಿ ಬಿಡು. ಗಿಣ್ಣು ತರೋವಾಗ ಕಳೆನಾಶಕ ಹೊಡೆದ ರಸ್ತೆಬದಿಯಿಂದ ತರ್ಬೇಡ ಅಷ್ಟೆ.

ಗಿರೀಶ: ಹಾಗಾದ್ರೆ ಈ ಗಿಡ ಯಾವುದಕ್ಕೂ ಬರಲ್ಲ ಅಂತ ಬರೀಲಾ?

ರಘು: ಯಾಕೋ ಹಾಗೆ? ಚರ್ಮಕ್ಕೆ ಇದರ ಕೆಲಸ ಗಟ್ಟಿ. ಇದರಲ್ಲಿರೋ ಏಷಿಯಾಟಿಕೋಸೈಡ್, ಮೇಡಕಾಸೋಸೈಡ್ ಎರಡೂ ಚರ್ಮದ ಫೈಬ್ರೋಬ್ಲಾಸ್ಟ್ ಕೋಶಗಳಲ್ಲಿ ಕೊಲಾಜನ್ (ಚರ್ಮಕ್ಕೆ ಗಟ್ಟಿತನ ಕೊಡೋ ಪ್ರೋಟೀನ್) ತಯಾರಿಕೆ ಹೆಚ್ಚಿಸ್ತವೆ. ಗಾಯದ ಮುಲಾಮುಗಳಲ್ಲಿ ಇರೋದು ಅದಕ್ಕೇ. ಕಾಲಿನ ರಕ್ತನಾಳ ಸೋತು ಊತ ಬರೋರಿಗೆ ಇದರ ಶುದ್ಧೀಕರಿಸಿದ ಸಾರ ದಿನಕ್ಕೆ 60–120 ಮಿಗ್ರಾಂ ಕೊಟ್ಟು ನೋಡಿದ್ದಾರೆ, ಊತ, ಭಾರ ಕಡಿಮೆಯಾಗಿದೆ.

ವಿನಯ: ಆದ್ರೆ ಮುಲಾಮಲ್ಲಿದೆ ಅಂತ ಎಲೆ ಜಜ್ಜಿ ತೆರೆದ ಗಾಯಕ್ಕೆ ಮೆತ್ತೋದಲ್ಲ. ನೆಲಕ್ಕೆ ಅಂಟಿಕೊಂಡೇ ಬೆಳೆಯೋ ಎಲೆ, ಧನುರ್ವಾಯು ಕ್ರಿಮಿ ಮಣ್ಣಲ್ಲೇ ಇರುತ್ತೆ. ಮುಲಾಮಿಂದಾನೂ ಕೆಲವರಿಗೆ ಚರ್ಮ ಕೆಂಪಾಗಿ ತುರಿಸುತ್ತೆ. ಮೊಣಕೈ ಒಳಭಾಗಕ್ಕೆ ಚೂರು ಹಚ್ಚಿ ಒಂದೆರಡು ದಿನ ನೋಡಿ ಮುಂದುವರಿಯೋದು.

ಶೈಲಜಾ: ಫಿಟ್ಸ್ ಮಾತ್ರೆ ಸಾಲು ಯಾರೂ ಮುಟ್ಟಲಿಲ್ವಲ್ಲ.

ವಿನಯ: ಅದಕ್ಕೆ ಚರ್ಚೇನೇ ಬೇಡ, ತೆಗೀಬೇಕು. ಮಾತ್ರೆ ಹಠಾತ್ ನಿಲ್ಲಿಸಿದ್ರೆ ಬಿಡದೆ ಫಿಟ್ಸ್ ಬಂದು ಜೀವಕ್ಕೇ ಕುತ್ತು. ಗ್ರಂಥದಲ್ಲಿ ಅಪಸ್ಮಾರಕ್ಕೆ ಬ್ರಾಹ್ಮಿ ಇದೆ ಅಂತ ನಾನೇ ಹೇಳ್ತೀನಿ, ಆದ್ರೂ ನಡೀತಿರೋ ಮಾತ್ರೆ ಬಿಡಿ ಅಂತ ಹೇಳಲ್ಲ. ಗರ್ಭಿಣಿಯರ ಸಾಲೂ ಹಾಗೇ. ಆ ಸಮಯದಲ್ಲಿ ಔಷಧಿ ಪ್ರಮಾಣದ ರಸ ಸುರಕ್ಷಿತ ಅಂತ ತೋರಿಸೋ ಆಧಾರ ಇಲ್ಲ, ಹಾಲೂಡಿಸೋರಿಗೂ ಇಲ್ಲ. ಹಾಗಿದ್ದಾಗ ಬೇಡ ಅನ್ನೋದೇ ಪದ್ಧತಿ.

ಗಿರೀಶ: ಸರಿ ಸರಿ. ಎಡಿಟ್ ಮಾಡ್ತೀನಿ.

ಸುಮಾ: 15 ನಿಮಿಷ ದಾಟಿದೆ, ಎಡಿಟ್ ಆಗಲ್ಲ. "ಎಲ್ಲರಿಗೂ ಅಳಿಸಿ" ಒತ್ತು, ಹೊಸದು ಹಾಕು. ಬೇರೆ ಗುಂಪಿಗೆ ಕಳಿಸಿದ್ರೆ ಅಲ್ಲೂ.

ಗಿರೀಶ: ಈ ಸಂದೇಶವನ್ನು ಅಳಿಸಲಾಗಿದೆ

ಶೈಲಜಾ: ಹೊಸದರಲ್ಲಿ ಗುರುತು ಹಿಡಿಯೋದು ಬರಿ. ಒಂದೆಲಗದ ಎಲೆಗೆ ಒಂದು ಕಡೆ ಆಳವಾದ ಸೀಳು, ತೊಟ್ಟು ಸೇರೋದು ಆ ಸೀಳಿನ ಬುಡದಲ್ಲಿ. ಅಂಚಿನ ಸುತ್ತ ಮೊಂಡು ಹಲ್ಲು. ಹೂವು ತೀರಾ ಸಣ್ಣದು, ಕೆಂಪು-ನೇರಳೆ, ಎಲೆಯ ಕೆಳಗೆ ಅಡಗಿರುತ್ತೆ. ನೋಡೋಕೆ ಇದೇ ಥರ ಇರೋ ಬೇರೆ ಗಿಡಗಳೂ ಇವೆ: ಅಂಚಲ್ಲಿ ಹಲ್ಲೇ ಇಲ್ಲ, ನುಣ್ಣಗಿದೆ ಅಂದ್ರೆ ಡೈಕೊಂಡ್ರಾ. ಹಳದಿ ಕೊಳವೆ ಹೂವು ಬಿಟ್ರೆ ಇಲಿಕಿವಿ. ದುಂಡಗೆ ನಾಣ್ಯದ ಹಾಗಿದ್ದು ತೊಟ್ಟು ಎಲೆಯ ನಟ್ಟನಡುವೆ ಚುಚ್ಚಿದ ಹಾಗಿದ್ರೆ ಹೈಡ್ರೊಕೋಟೈಲ್, ಕೊಡೆ ಥರ.

ಗಿರೀಶ:
ಒಂದೆಲಗ (ಮಂಡೂಕಪರ್ಣಿ). ನೀರುಬ್ರಾಹ್ಮಿ ಅಲ್ಲ. ಅಡುಗೆಗೆ ನಾಲ್ಕು ಎಲೆ ಸಾಕು. ಔಷಧಿಯಾಗಿ ಬೇಕಿದ್ರೆ ವೈದ್ಯರನ್ನ ಕೇಳಿ, ರಸ 10–20 ಮಿಲಿ, ಲೋಟ ಅಲ್ಲ. ಆರು ವಾರ ದಾಟಬಾರದು. ಲಿವರ್ ತೊಂದರೆ ಇರೋರು, ಗರ್ಭಿಣಿಯರು, ಹಾಲೂಡಿಸೋರು, ನಿದ್ದೆ ಮಾತ್ರೆಯವರು ಬೇಡ. ಯಾವ ಮಾತ್ರೆಯನ್ನೂ ಇದಕ್ಕೋಸ್ಕರ ಬಿಡಬೇಡಿ. ಚರಂಡಿ, ಜವುಗಿನ ಸೊಪ್ಪು ಮುಟ್ಟಬೇಡಿ, ಕುಂಡದಲ್ಲಿ ಬೆಳೆಸಿ.
[ಫೋಟೋ]

ವಿನಯ: 👍 ಇದನ್ನ ಬೇಕಿದ್ರೆ ಹತ್ತು ಜನಕ್ಕೆ ಕಳಿಸು.

ಶೈಲಜಾ: ತಡಿ ತಡಿ. ಗಿರೀಶ, ಹೊಸ ಫೋಟೋ ಎಲ್ಲಿಂದ ತಗೊಂಡೆ? ಈ ಎಲೆಗೆ ಸೀಳು ಎಲ್ಲಿದೆ ತೋರಿಸು.

ಸುಮಾ: ತೊಟ್ಟು ನಟ್ಟನಡುವೆ ಇದೆ 🤦

ಗಿರೀಶ: ಈ ಸಂದೇಶವನ್ನು ಅಳಿಸಲಾಗಿದೆ