39ರಲ್ಲಿ ಸ್ಕೇಟ್ ಕಟ್ಟಿಕೊಂಡು ಕುಣಿಯೋಕೆ ಬರುತ್ತಾ?

ಪ್ರಶ್ನೆ: ಚಿಕಾಗೋಗೆ ಬಂದು ಎರಡು ವರ್ಷ ಆಯಿತು, ವಯಸ್ಸು 39. ಆಫೀಸಿನ ಗೆಳತಿ ಒಬ್ಬಳು ಸ್ಕೇಟಿಂಗ್ ರಿಂಕ್‌ಗೆ ಕರೆದುಕೊಂಡು ಹೋಗಿದ್ದಳು. ಅರವತ್ತು ದಾಟಿದವರೂ ಹಾಡಿಗೆ ತಕ್ಕ ಹಾಗೆ ಸ್ಕೇಟ್ ಮೇಲೆ ಕುಣಿಯುತ್ತಿದ್ದರು, ನಾನು ಗೋಡೆ ಹಿಡಿದು ನಿಂತಿದ್ದೆ. ಈಗ ಶುರು ಮಾಡಿದರೆ ಬರುತ್ತಾ? ಯಾವ ಸ್ಕೇಟ್ ತಗೊಳ್ಳಲಿ?

ಉತ್ತರ 1: ಖಂಡಿತ ಬರುತ್ತೆ ಮೇಡಂ. ನಾನು ಶುರು ಮಾಡಿದ್ದು 43ಕ್ಕೆ, ನಿಮ್ಮೂರಲ್ಲೇ. ಮೊದಲ ಒಂದೆರಡು ತಿಂಗಳು ಏನೂ ಕೊಳ್ಳಬೇಡಿ, ರಿಂಕ್‌ನಲ್ಲಿ ಬಾಡಿಗೆಗೆ ಸಿಗುತ್ತೆ. ಒಂದೇ ಸಾಲಿನ ಚಕ್ರದ್ದು ಬೇಡ, ಮುಂದೆರಡು ಹಿಂದೆರಡು ಇರೋದು ಕೇಳಿ. 1863ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ಈ ಜೋಡಿ ಚಕ್ರಗಳಿಗೆ ರಬ್ಬರ್ ಮೆತ್ತೆ ಕೂರಿಸಿದ, ಆಮೇಲೆ ಮೈ ಯಾವ ಕಡೆ ವಾಲುತ್ತೋ ಸ್ಕೇಟೂ ಆ ಕಡೆ ತಿರುಗತೊಡಗಿತು. ಕುಣಿಯೋಕೆ ಬೇಕಾಗಿರೋದು ಅದೇ ಅಲ್ವಾ. ಚಿಕಾಗೋದವರ ಶೈಲಿಗೆ ಜೆಬಿ ಅಂತಾರೆ, ಅಂದರೆ ಗಾಯಕ ಜೇಮ್ಸ್ ಬ್ರೌನ್. ಅವರ ಹಾಡಿನ ತಾಳದ ಮೇಲೇ ಬೆಳೆದ ಹೆಜ್ಜೆಗಳು. ನಾನು ಹೆಜ್ಜೆ ಕಲಿಸಿ ಅಂತ ಅಲ್ಲಿನ ಹಿರಿಯರೊಬ್ಬರನ್ನು ಕೇಳಿದೆ. ಅವರು ನನ್ನನ್ನು ರಿಂಕ್ ಒಳಗೇ ಬಿಡಲಿಲ್ಲ. ಹೊರಗೆ ಕಾರ್ಪೆಟ್ ಮೇಲೆ ನಿಲ್ಲಿಸಿ, ಎರಡು ಹಾಡು ಮುಗಿಯುವವರೆಗೆ ತಾಳಕ್ಕೆ ಸರಿಯಾಗಿ ಮಂಡಿ ಮಡಚಿ ಬಿಡಿಸೋದು ಅಷ್ಟೇ ಮಾಡಿಸಿದರು! ಮಾರನೇ ದಿನ ಮೆಟ್ಟಿಲು ಇಳಿಯೋಕೆ ಆಗಲಿಲ್ಲ.

ಉತ್ತರ 2: ಅವರು ಹೇಳದೆ ಬಿಟ್ಟದ್ದು ಒಂದಿದೆ. ರಿಂಕ್ ಹೊರಗೆ 'ಅಡಲ್ಟ್ ನೈಟ್' ಅಂತ ಬೋರ್ಡ್ ನೋಡಿ ನಾನು ಏನೇನೋ ಅಂದುಕೊಂಡು ವಾಪಸ್ ಬಂದಿದ್ದೆ, ನಗಬೇಡಿ. ಅದು ಕುಣಿಯುವವರ ರಾತ್ರಿ, ಹೆಚ್ಚಾಗಿ ಕಪ್ಪು ಜನ ಸೇರೋದು. ಹಿಂದೆ ಅಮೆರಿಕದ ಎಷ್ಟೋ ರಿಂಕ್‌ಗಳು ಕಪ್ಪು ಜನರನ್ನು ಒಳಗೇ ಬಿಡುತ್ತಿರಲಿಲ್ಲ, ಇಲ್ಲವೇ ವಾರಕ್ಕೆ ಒಂದೇ ರಾತ್ರಿ ಬಿಡುತ್ತಿದ್ದವು. ನಿಮ್ಮ ಚಿಕಾಗೋದಲ್ಲೇ ವೈಟ್ ಸಿಟಿ ರಿಂಕ್ ಎದುರು 1946ರಲ್ಲಿ ಇದಕ್ಕಾಗಿ ಪ್ರತಿಭಟನೆ ನಡೆದಿತ್ತು. 1963ರಲ್ಲಿ ಲೆಡ್ಜರ್ ಸ್ಮಿತ್ ಅನ್ನುವ ಸ್ಕೇಟರ್ ಚಿಕಾಗೋದಿಂದ ವಾಷಿಂಗ್ಟನ್ನಿಗೆ, ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದ ಆ ದೊಡ್ಡ ಮೆರವಣಿಗೆಗೆ, ಸುಮಾರು 1,100 ಕಿಲೋಮೀಟರ್ ಸ್ಕೇಟ್ ಮೇಲೇ ಹೋದ. ಸಿಕ್ಕ ಆ ಒಂದು ರಾತ್ರಿಯಲ್ಲೇ ಈ ಜನ ಊರಿಗೊಂದು ಶೈಲಿ ಬೆಳೆಸಿದ್ದಾರೆ. ಹಾಗಾಗಿ ಮೊದಲ ದಿನವೇ ಫೋನ್ ಹಿಡಿದು ಎಲ್ಲರ ವಿಡಿಯೋ ಮಾಡುತ್ತಾ ನಿಲ್ಲಬೇಡಿ, ಯಾರಿಗೂ ಇಷ್ಟ ಆಗಲ್ಲ. ಎಲ್ಲರೂ ಸುತ್ತುವ ಕಡೆಗೇ ಸುತ್ತಿ. ಕೈ ಹಿಡಿದು ರೈಲಿನ ಹಾಗೆ ಸಾಲಾಗಿ ಬರುವವರಿಗೆ ದಾರಿ ಬಿಡಿ.

ಉತ್ತರ 3: ನಾನು ನ್ಯೂಜೆರ್ಸಿಯವನು. ಮಣಿಕಟ್ಟಿಗೆ ಗಾರ್ಡ್ ಹಾಕದೆ ಹೋಗಿ ಆರು ವಾರ ಪ್ಲಾಸ್ಟರ್‌ನಲ್ಲಿದ್ದೆ, ಅನ್ನ ಕಲಸಿ ಕೊಡುತ್ತಿದ್ದದ್ದು ಹೆಂಡತಿ, ಮೇಲೆ ಬೈಗುಳ ಬೇರೆ. ಕುಣಿಯುವ ಮೊದಲು ಸ್ಕೇಟ್ ನಿಲ್ಲಿಸೋದು ಕಲಿಯಿರಿ. 18ನೇ ಶತಮಾನದಲ್ಲಿ ಲಂಡನ್ನಿನ ಒಂದು ಪಾರ್ಟಿಯಲ್ಲಿ ಜೋಸೆಫ್ ಮರ್ಲಿನ್ ಅನ್ನುವವನು ಚಕ್ರ ಕಟ್ಟಿಕೊಂಡು ಪಿಟೀಲು ನುಡಿಸುತ್ತಾ ಬಂದನಂತೆ. ನಿಲ್ಲಿಸೋಕೆ ಬರದೆ ದೊಡ್ಡ ಕನ್ನಡಿಗೆ ಗುದ್ದಿ, ಕನ್ನಡಿಯೂ ಹೋಯ್ತು, ಪಿಟೀಲೂ ಹೋಯ್ತು. ಸ್ವಂತ ಸ್ಕೇಟ್ ಕೊಳ್ಳುವಾಗ ಚಕ್ರದ ಮೇಲಿನ ನಂಬರ್ ನೋಡಿ. 78ಎ ಆಸುಪಾಸು ಮೆತ್ತಗಿರುತ್ತೆ, ರಸ್ತೆಗೆ ಸರಿ. ರಿಂಕ್‌ನ ಮರದ ನೆಲಕ್ಕೆ 95ಎ ಅಥವಾ ಜಾಸ್ತಿ ಇರಲಿ, ಕಾಲು ಜಾರಿಸುವ ಹೆಜ್ಜೆಗೆ ಗಟ್ಟಿ ಚಕ್ರವೇ ಬೇಕು. ಬಾಡಿಗೆ ಸ್ಕೇಟ್ ಹಾಕುವ ದಿನ ದಪ್ಪನೆಯ ಸಾಕ್ಸ್ ಎರಡು ಜೊತೆ ತಗೊಂಡು ಹೋಗಿ, ಯಾಕೆ ಅಂತ ಒಳಗೆ ಕಾಲಿಟ್ಟ ತಕ್ಷಣ ಮೂಗೇ ಹೇಳುತ್ತೆ.