ಅಪ್‌ಡೇಟ್: ವರ್ಷದ ಕೊನೆಯಲ್ಲಿ ಕೆಲಸ ಹುಡುಕಾಟ, ಕೊನೆಗೆ ಏನಾಯ್ತು ಅಂದ್ರೆ

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ತುಮಕೂರಿನಲ್ಲಿ ಸುಮ್ನೆ ಕೂತಿದ್ದೇನೆ, ಎಲ್ಲಿಂದಲೂ ಉತ್ತರ ಬರುತ್ತಿಲ್ಲ, ವರ್ಷ ಬೇರೆ ಮುಗೀತಾ ಬಂತು, ಹುಮ್ಮಸ್ಸು ಉಳಿಸಿಕೊಳ್ಳುವುದು ಹೇಗೆ ಅಂತ ಡಿಸೆಂಬರ್‌ನಲ್ಲಿ ಇಲ್ಲಿ ಕೇಳಿದ್ದೆ. ಈಗ ಸುದ್ದಿ ಇದೆ. ವಸಂತನರಸಾಪುರದ ಒಂದು ಬಿಡಿಭಾಗ ಕಾರ್ಖಾನೆಯಲ್ಲಿ ಕ್ವಾಲಿಟಿ ಟ್ರೈನಿ ಕೆಲಸ ಸಿಕ್ಕಿದೆ. ಸಂಕ್ರಾಂತಿ ಮುಗಿಸಿಕೊಂಡು ಸೇರುತ್ತೇನೆ.

"ಕೆಲಸ ಸಿಗೋದು ನಿಮ್ಮ ಕೈಲಿಲ್ಲ, ನಿಮ್ಮ ಕೈಲಿರೋದನ್ನಷ್ಟೇ ಗುರಿ ಅಂತ ಬರೆದುಕೊಳ್ಳಿ" ಅಂದವರಿಗೆ ದೊಡ್ಡ ನಮಸ್ಕಾರ. ಗೋಡೆಯ ಕ್ಯಾಲೆಂಡರ್‌ನಲ್ಲಿ ಒಂದು ದಿನಕ್ಕೆ ಒಂದೇ ಕೆಲಸ ಬರೆದೆ. ಇವತ್ತು ಒಬ್ಬ ಸೀನಿಯರ್‌ಗೆ ಫೋನ್. ನಾಳೆ ಮೈಕ್ರೋಮೀಟರ್ (ತುಂಬಾ ಸಣ್ಣ ಅಳತೆ ತೆಗೆಯುವ ಉಪಕರಣ) ಅಭ್ಯಾಸ. ಈ ಖಾಲಿ ಹುದ್ದೆಯ ವಿಷಯ ಹೇಳಿದ್ದೂ ಅಂಥ ಒಬ್ಬ ಸೀನಿಯರ್ರೇ. ಇಂಟರ್‌ವ್ಯೂನಲ್ಲಿ ಮೈಕ್ರೋಮೀಟರ್ ಕೊಟ್ಟು, ಒಂದು ಪಿನ್ ಅಳೆಯಿರಿ ಅಂದರು. ನಾನು ಮೊದಲು ಅದನ್ನು ಒರೆಸಿ, ಮುಚ್ಚಿ, ಸೊನ್ನೆ ಸರಿಯಾಗಿ ಕೂರುತ್ತಾ ಅಂತ ನೋಡಿದೆ. ಅಲ್ಲೇ ಅವರ ಮುಖ ಅರಳಿತು.

ಬೆಳಗ್ಗೆ ಐದಕ್ಕೆ ಏಳುವುದು ನನಗೆ ಆಗಲಿಲ್ಲ. ಚಳಿ ಸ್ವಾಮಿ! ಆ್ಯಪ್‌ಗಳಲ್ಲಿ ಕಂಡಕಂಡ ಕಡೆ ಅರ್ಜಿ ಒತ್ತಿದ್ದೂ ದಂಡ.

ಆಶ್ಚರ್ಯ ಅನಿಸಿದ್ದು ಇದು. ನವೆಂಬರ್‌ನಲ್ಲಿ ಹಾಕಿದ್ದ ಅರ್ಜಿಗೆ ಇನ್ನೊಂದು ಕಂಪನಿಯವರು ಈಗ ಜನವರಿಯಲ್ಲಿ ಫೋನ್ ಮಾಡಿದರು. ಸಹಿ ಹಾಕಬೇಕಾದವರು ರಜೆಯಲ್ಲಿದ್ದರಂತೆ, ಅಷ್ಟೇ! ನಾನು ತಿರಸ್ಕಾರ ಅಂದುಕೊಂಡು ಒಳಗೊಳಗೇ ಕೊರಗುತ್ತಿದ್ದೆ.

ಯುವನಿಧಿ, ಅಂದರೆ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ, ನೆನಪಿಸಿದವರಿಗೂ ಥ್ಯಾಂಕ್ಸ್. ಡಿಪ್ಲೊಮಾದವರಿಗೆ ತಿಂಗಳಿಗೆ 1,500 ರೂಪಾಯಿ. ಪಾಸಾಗಿ 180 ದಿನವಾದರೂ ಕೆಲಸ ಸಿಗದವರು ಸರ್ಕಾರದ ಸೇವಾ ಸಿಂಧು ವೆಬ್‌ಸೈಟ್‌ನಲ್ಲಿ ವಿಚಾರಿಸಿ. ಆದರೆ ಕೆಲಸ ಸಿಕ್ಕಿದ ಮೇಲೆ ಆ ಹಣ ತೆಗೆದುಕೊಳ್ಳುವ ಹಾಗಿಲ್ಲ.